ಬಡವರಿಗೆ ಒಡ್ಡಿದ ಪರೀಕ್ಷೆ: ಬ್ರೂಜ್‌ನಿಂದ ಭೀಮರಾಯನಗುಡಿಯವರೆಗೆ



ಶಹಾಪುರದ ಬಸ್ ನಿಲ್ದಾಣದಲ್ಲಿ, ತಹಶೀಲ ಕಚೇರಿಯ ಕಟ್ಟೆಯ ಮೇಲೆ, ಮದುವೆ ಮನೆಯ ಊಟದ ಸಾಲಿನಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತೊಂದಿದೆ: ‘ಕೈಕಾಲು ಗಟ್ಟಿ ಅವ, ದುಡದು ತಿನ್ಲಾಕ ಏನಾಗ್ಯದ?’ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಪುಕ್ಕಟೆ ಅಕ್ಕಿ ಕೊಟ್ಟು ಮಂದೀನ ಸೋಮಾರಿ ಮಾಡ್ಯಾರ.’ 2013ರ ಜುಲೈನಲ್ಲಿ ಅನ್ನಭಾಗ್ಯ ಯೋಜನೆ ಶುರುವಾದ ಮೇಲೆ ಈ ಎರಡನೆಯ ಮಾತನ್ನು ಹೆಸರಾಂತ ಬರಹಗಾರರೂ ವೇದಿಕೆಗಳ ಮೇಲೆ ಆಡಿದರು. ಆಡುವವರು ಕೆಟ್ಟವರಲ್ಲ. ತಮ್ಮ ಹೊಲದಲ್ಲಿ ಆಳು ಸಿಗದೆ ಬೇಸತ್ತವರು, ತೆರಿಗೆ ಕಟ್ಟುವವರು, ಕೆಲವೊಮ್ಮೆ ತಾವೇ ನಿನ್ನೆಯವರೆಗೆ ಬಡವರಾಗಿದ್ದವರು. ಆದರೆ ಈ ಮಾತಿಗೊಂದು ಇತಿಹಾಸವಿದೆ. ಅದರ ಹೆಚ್ಚಿನ ಭಾಗ ನಡೆದದ್ದು ಐನೂರು ವರ್ಷಗಳ ಹಿಂದಿನ ಯುರೋಪಿನಲ್ಲಿ. ಅಲ್ಲಿಂದ ಅದು ಕಾಗದಪತ್ರಗಳ ಮೂಲಕ, ಅಧಿಕಾರಿಗಳ ಮೂಲಕ, ಬರಗಾಲದ ಕೂಲಿಯ ಲೆಕ್ಕದ ಮೂಲಕ ನಮ್ಮ ನೆಲಕ್ಕೆ ಬಂದು ಕೂತಿತು. ಇಂದು ನಾನು ಹೇಳಬಂದಿರುವುದು ಆ ದಾರಿಯನ್ನು.

ನಡುಗಾಲದ ಯುರೋಪಿನಲ್ಲಿ ಬಡವನಿಗೆ ಒಂದು ಸ್ಥಾನವಿತ್ತು. ಬಾಗಿಲಿಗೆ ಬಂದ ಭಿಕ್ಷುಕನಲ್ಲಿ ಕ್ರಿಸ್ತನೇ ಬಂದಿದ್ದಾನೆಂದು ನಂಬುತ್ತಿದ್ದರು. ಕೊಟ್ಟವನ ಪಾಪ ಕಳೆಯುತ್ತಿತ್ತು, ಪಡೆದವನು ಕೊಟ್ಟವನಿಗಾಗಿ ಪ್ರಾರ್ಥಿಸುತ್ತಿದ್ದ. ಅಸ್ಸಿಸಿಯ ಫ್ರಾನ್ಸಿಸ್ ಬಟ್ಟೆ ವ್ಯಾಪಾರಿಯ ಮಗ. ಅಪ್ಪನ ಆಸ್ತಿ ಬಿಟ್ಟು ಬಡತನವನ್ನು ಆರಿಸಿಕೊಂಡು ಸಂತನಾದ. ಅವನ ಹೆಸರಿನಲ್ಲಿ ನಿಂತ ಪಂಥದ ಸಂನ್ಯಾಸಿಗಳು ಬೇಡಿಯೇ ಉಣ್ಣುತ್ತಿದ್ದರು. ಇದನ್ನು ಹೊಗಳಿ ಮುಗಿಸಿಬಿಡಬಾರದು. ಆ ವ್ಯವಸ್ಥೆಯಲ್ಲಿ ಬಡವ ಬಡವನಾಗಿಯೇ ಇರಬೇಕಿತ್ತು, ಇಲ್ಲದಿದ್ದರೆ ಸಿರಿವಂತನಿಗೆ ಪುಣ್ಯ ಗಳಿಸಲು ದಾರಿಯಿರಲಿಲ್ಲ. ಆದರೂ ‘ನೀನು ಯಾಕೆ ಬಡವನಾದೆ?’ ಎಂದು ಬಾಗಿಲಲ್ಲಿ ನಿಲ್ಲಿಸಿ ಕೇಳುವ ವಾಡಿಕೆ ಆಗಿನ್ನೂ ಬಲಿತಿರಲಿಲ್ಲ.

ಹದಿನಾರನೆಯ ಶತಮಾನದಲ್ಲಿ ಆ ಪ್ರಶ್ನೆ ಬಲಿಯಿತು. ಕಾರಣಗಳು ಗಟ್ಟಿಯಾಗಿಯೇ ಇದ್ದವು. ಜನಸಂಖ್ಯೆ ಬೆಳೆಯಿತು. ಇಂಗ್ಲೆಂಡನ್ನೇ ನೋಡಿ, 1541ರ ಸುಮಾರಿಗೆ 28 ಲಕ್ಷದಷ್ಟಿದ್ದ ಜನ 1601ರ ಹೊತ್ತಿಗೆ 41 ಲಕ್ಷದಷ್ಟಾದರು. ಧಾನ್ಯದ ಬೆಲೆ ಏರುತ್ತ ಹೋಯಿತು, ಕೂಲಿ ಅದರ ಹಿಂದೆ ಓಡಲಾರದೆ ಹೋಯಿತು. ಶತಮಾನ ಮುಗಿಯುವಷ್ಟರಲ್ಲಿ ಒಂದು ದಿನದ ಕೂಲಿಗೆ ಸಿಗುತ್ತಿದ್ದ ಕಾಳು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಊರಿನವರೆಲ್ಲ ದನ ಮೇಯಿಸುತ್ತಿದ್ದ ಬಯಲುಗಳಿಗೆ ಬೇಲಿ ಬಿದ್ದು ಕುರಿ ಮೇಯತೊಡಗಿದವು. ಹೊಲ ಕಳೆದುಕೊಂಡವರು ರಸ್ತೆಗಿಳಿದರು. ಆ ರಸ್ತೆಯ ಜನರನ್ನು ನೋಡಿ ಪಟ್ಟಣಗಳು ಹೆದರಿದವು.

ಹೆದರಿಕೆ ಮೊದಲು ಪುಸ್ತಕವಾಯಿತು. 1510ರ ಸುಮಾರಿಗೆ ಜರ್ಮನಿಯಲ್ಲಿ ‘ಲೀಬರ್ ವಗಟೋರುಂ’ ಎಂಬ ಚಿಕ್ಕ ಪುಸ್ತಕ ಅಚ್ಚಾಯಿತು. ಭಿಕ್ಷುಕರು ಎಷ್ಟು ಬಗೆಯಲ್ಲಿ ಮೋಸ ಮಾಡುತ್ತಾರೆ, ಯಾರು ಸುಳ್ಳು ಹುಣ್ಣು ಹಚ್ಚಿಕೊಳ್ಳುತ್ತಾರೆ, ಯಾರು ಮೂರ್ಛೆರೋಗದ ನಾಟಕ ಆಡುತ್ತಾರೆ ಎಂಬುದರ ಪಟ್ಟಿ ಅದು. ಮತ್ತೆ ಮತ್ತೆ ಅಚ್ಚಾಯಿತು. 1528ರ ಮುದ್ರಣಕ್ಕೆ ಮಾರ್ಟಿನ್ ಲೂಥರ್ ಮುನ್ನುಡಿ ಬರೆದ. ಮೋಸಗಾರರು ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಕಾಳಿನ ಬೆಲೆ ಏಕೆ ಏರಿತು, ಕೂಲಿ ಏಕೆ ಕುಸಿಯಿತು ಎಂದು ಹೇಳುವ ಪುಸ್ತಕಕ್ಕಿಂತ ಭಿಕ್ಷುಕರ ಮೋಸದ ಪುಸ್ತಕ ಜನಕ್ಕೆ ಹೆಚ್ಚು ಪ್ರಿಯವಾಯಿತು ಎಂಬುದನ್ನು ಗಮನಿಸಿ. ಇಂದು ನಮ್ಮಲ್ಲಿ ‘ಕಾರು ಇದ್ದವರ ಹತ್ರಾನೂ ಬಿಪಿಎಲ್ ಕಾರ್ಡು ಅದ’ ಎಂಬ ಸುದ್ದಿ ಓಡುವ ವೇಗದಲ್ಲಿ, ಕಾರ್ಡು ಸಿಗದೆ ಅಲೆದವರ ಸುದ್ದಿ ಓಡುವುದಿಲ್ಲ.

ಆಮೇಲೆ ಹೆದರಿಕೆ ಆಡಳಿತವಾಯಿತು. 1525ರಲ್ಲಿ ಈಗಿನ ಬೆಲ್ಜಿಯಮ್ಮಿನ ಈಪ್ರ್ ಪಟ್ಟಣ ಬೇಡುವುದನ್ನು ನಿಷೇಧಿಸಿ, ದಾನದ ಹಣವನ್ನೆಲ್ಲ ಒಂದೇ ನಿಧಿಗೆ ಸೇರಿಸಿತು. ಮರುವರ್ಷ, 1526ರಲ್ಲಿ, ಪಕ್ಕದ ಬ್ರೂಜ್ ಪಟ್ಟಣದಲ್ಲಿದ್ದ ಹುವಾನ್ ಲೂಯಿಸ್ ವೀವೆಸ್ ಎಂಬ ವಿದ್ವಾಂಸ ಬಡವರಿಗೆ ನೆರವಾಗುವುದು ಹೇಗೆ ಎಂಬ ಬಗ್ಗೆ ಲ್ಯಾಟಿನ್ನಿನಲ್ಲಿ ಒಂದು ಗ್ರಂಥ ಬರೆದು ಪಟ್ಟಣದ ಆಡಳಿತಗಾರರಿಗೆ ಅರ್ಪಿಸಿದ. ಅವನು ಸ್ವತಃ ಊರು ಬಿಟ್ಟು ಬಂದವನು. ಸ್ಪೇನಿನ ವಲೆನ್ಸಿಯಾದಲ್ಲಿ, ಕ್ರೈಸ್ತರಾಗಿ ಮತಾಂತರಗೊಂಡ ಯಹೂದಿ ಮನೆತನದಲ್ಲಿ ಹುಟ್ಟಿದವನು. ಅವನ ತಂದೆಯನ್ನು ಧರ್ಮವಿಚಾರಣೆಯ ನ್ಯಾಯಮಂಡಳಿ ಸುಟ್ಟು ಕೊಂದಿತು. ಅಂಥವನ ಪುಸ್ತಕದಲ್ಲಿ ಕರುಣೆಯೂ ಇದೆ, ಕಟ್ಟುಪಾಡೂ ಇದೆ. ಪಟ್ಟಣದ ಪ್ರತಿನಿಧಿಗಳು ಮನೆಮನೆಗೆ ಹೋಗಿ ಬಡವರ ಹೆಸರು, ಮಕ್ಕಳು, ಬಡತನದ ಕಾರಣ ಎಲ್ಲವನ್ನೂ ಬರೆದುಕೊಳ್ಳಬೇಕು. ದುಡಿಯಬಲ್ಲವರಿಗೆಲ್ಲ ಕೆಲಸ ಹಚ್ಚಬೇಕು, ಕುರುಡರಿಗೂ ಅವರು ಮಾಡಬಲ್ಲ ಕೆಲಸ ಕೊಡಬೇಕು. ಮಕ್ಕಳಿಗೆ ಶಾಲೆ ಬೇಕು. ಬೇಡುವುದು ನಿಲ್ಲಬೇಕು. ಒಬ್ಬೊಬ್ಬರ ಪುಣ್ಯಕ್ಕೆ ಬಿಟ್ಟಿದ್ದ ಕೆಲಸವನ್ನು ಊರ ಆಡಳಿತ ತನ್ನ ಹೊಣೆಯೆಂದು ಒಪ್ಪಿಕೊಂಡದ್ದು ದೊಡ್ಡ ಹೆಜ್ಜೆ. ಆದರೆ ಅದೇ ಹೆಜ್ಜೆಯಲ್ಲಿ ಬಡವರು ಎರಡು ಪಾಲಾದರು: ನೆರವಿಗೆ ಅರ್ಹರು, ಅನರ್ಹರು. ವಿಂಗಡಿಸುವ ಅಧಿಕಾರ ಬಡವರಲ್ಲದವರ ಕೈಗೆ ಹೋಯಿತು.

ಇದಕ್ಕೆ ಎದುರು ಮಾತೂ ಆಗಲೇ ಹುಟ್ಟಿತು, ಅದನ್ನು ನಾವು ಮರೆಯಬಾರದು. ಈಪ್ರ್ ಪಟ್ಟಣದ ಯೋಜನೆಯನ್ನು ಭಿಕ್ಷಾವೃತ್ತಿಯ ಸಂನ್ಯಾಸಿಗಳು ವಿರೋಧಿಸಿದಾಗ ದೂರು ಪ್ಯಾರಿಸಿನ ಸೊರ್ಬೊನ್ ಪಂಡಿತರ ಮುಂದೆ ಹೋಯಿತು. 1531ರಲ್ಲಿ ಅವರು ಯೋಜನೆಯನ್ನು ಒಪ್ಪಿದರು, ಆದರೆ ನಿಧಿ ಸಾಲದೆ ಜನ ಹಸಿದಾಗ ಬೇಡುವುದನ್ನು ತಡೆಯಕೂಡದು ಎಂದು ಷರತ್ತು ಹಾಕಿದರು. ಸ್ಪೇನಿನಲ್ಲಿ 1540ರ ಕಾನೂನು ಭಿಕ್ಷುಕರ ಓಡಾಟವನ್ನು ಬಿಗಿಗೊಳಿಸಿದಾಗ, ಸಲಮಾಂಕದ ದೊಮಿಂಗೊ ದೆ ಸೋತೊ 1545ರಲ್ಲಿ ಒಂದು ಪುಸ್ತಕ ಬರೆದು ಅದನ್ನು ಪ್ರಶ್ನಿಸಿದ. ಅವನ ವಾದದ ತಿರುಳು ಇದು: ಅಪರಾಧ ಮಾಡದ ಮನುಷ್ಯನನ್ನು, ಅವನು ಬಡವ ಎಂಬ ಒಂದೇ ಕಾರಣಕ್ಕೆ, ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗದಂತೆ ತಡೆಯುವ ಹಕ್ಕು ಯಾರಿಗೂ ಇಲ್ಲ. ಒಂದು ಸೀಮೆಯಲ್ಲಿ ಬೆಳೆ ಹೋದರೆ ಅಲ್ಲಿನವರು ಬೆಳೆ ಇರುವ ಸೀಮೆಗೆ ಹೋಗಲೇಬೇಕಲ್ಲ. ಹುವಾನ್ ದೆ ರೋಬ್ಲೆಸ್ ಎಂಬ ಮಠಾಧಿಪತಿ ಅದೇ ವರ್ಷ ಇದಕ್ಕೆ ಉತ್ತರ ಕೊಟ್ಟ, ಪಟ್ಟಣದ ಶಿಸ್ತಿನ ಪರವಾಗಿ. ಮುಂದಿನ ಶತಮಾನಗಳಲ್ಲಿ ಗೆದ್ದದ್ದು ಅವನ ಪಕ್ಷ. ಗುಳೆ ಹೋಗುವ ಸೀಮೆಯವರಾದ ನಮಗೆ ಸೋತೊನ ಮಾತು ಹೆಚ್ಚು ಹತ್ತಿರದ್ದು.

ಇಂಗ್ಲೆಂಡಿನ ಕತೆ ಇನ್ನೂ ಕಠಿಣ. ನಮಗೆ ಅದೇ ಮುಖ್ಯ, ಏಕೆಂದರೆ ನಮ್ಮನ್ನು ಆಳಿದವರು ಅವರು. 1531ರ ಕಾನೂನಿನಂತೆ ಅಲೆಮಾರಿಯನ್ನು ಗಾಡಿಯ ಹಿಂಬದಿಗೆ ಕಟ್ಟಿ ರಕ್ತ ಬರುವಂತೆ ಚಾಟಿಯಿಂದ ಹೊಡೆಯಬೇಕು. 1547ರದು ಅದನ್ನೂ ಮೀರಿತು. ಕೆಲಸವಿಲ್ಲದೆ ಅಲೆಯುವವನ ಎದೆಯ ಮೇಲೆ ಕಾದ ಕಬ್ಬಿಣದ ಬರೆ ಎಳೆದು ಎರಡು ವರ್ಷ ಗುಲಾಮನನ್ನಾಗಿ ಕೊಡಬಹುದಿತ್ತು. ಅದನ್ನು ಜಾರಿ ಮಾಡಲು ಸ್ಥಳೀಯರೇ ಹಿಂಜರಿದರು, ಮೂರು ವರ್ಷ ತುಂಬುವುದರೊಳಗೆ ರದ್ದಾಯಿತು. 1553ರಲ್ಲಿ ಲಂಡನ್ನಿನ ಬ್ರೈಡ್‌ವೆಲ್ ಅರಮನೆಯನ್ನು ರಾಜ ಪಟ್ಟಣಕ್ಕೆ ಬಿಟ್ಟುಕೊಟ್ಟ. ಅಲೆಮಾರಿಗಳನ್ನು ಕೂಡಿಹಾಕಿ ದುಡಿಸುವ ಮನೆಯಾಯಿತು ಅದು. 1596ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಂಥದೇ ಒಂದು ಮನೆ ತೆರೆಯಿತು. ಅಲ್ಲಿ ಬಣ್ಣ ತೆಗೆಯಲು ಬ್ರೆಜಿಲ್ ಮರವನ್ನು ಅರದಿಂದ ತೇಯಿಸುತ್ತಿದ್ದರು. 1656ರಲ್ಲಿ ಪ್ಯಾರಿಸಿನ ದೊಡ್ಡ ಆಶ್ರಯಮನೆ ಬಂತು. ಹೆಸರು ಆಸ್ಪತ್ರೆ, ಒಳಗೆ ಸೆರೆ.

ಈ ಎಲ್ಲದರ ನಡುವೆ ನನ್ನನ್ನು ಬಹಳ ಹಿಡಿದು ನಿಲ್ಲಿಸಿದ ದಾಖಲೆ ನಾರ್ವಿಚ್ ಪಟ್ಟಣದ್ದು. 1570ರಲ್ಲಿ ಅಲ್ಲಿನ ಆಡಳಿತ ತನ್ನ ಬಡವರನ್ನು ಮನೆಮನೆಗೆ ಹೋಗಿ ಎಣಿಸಿತು. ಹೆಂಗಸರು, ಗಂಡಸರು, ಮಕ್ಕಳು ಸೇರಿ ಸುಮಾರು 2,300 ಮಂದಿ. ಹೆಸರು, ವಯಸ್ಸು, ಕಸುಬು ಎಲ್ಲ ಬರೆದರು. ಸೋಮಾರಿಗಳನ್ನು ಹಿಡಿಯುವ ಉದ್ದೇಶದಿಂದ ಮಾಡಿದ ಎಣಿಕೆ ಅದು. ಸಿಕ್ಕವರು ಯಾರು? ಬಹುಪಾಲು ದುಡಿಯುತ್ತಿದ್ದವರು. ನೂಲುವ ಹೆಂಗಸರು, ವಯಸ್ಸಾದರೂ ರಾಟೆ ಬಿಡದವರು, ನೂಲು ತೆಗೆಯುವ ಸಣ್ಣ ಮಕ್ಕಳು, ಕೆಲಸ ಸಿಕ್ಕ ದಿನ ಕೂಲಿಗೆ ಹೋಗುವ ಗಂಡಸರು. ಅವರು ದುಡಿಯದೆ ಬಡವರಾಗಿರಲಿಲ್ಲ. ದುಡಿತದ ಬೆಲೆ ಹೊಟ್ಟೆಗೆ ಸಾಲದೆ ಬಡವರಾಗಿದ್ದರು. ಇಷ್ಟು ಸ್ಪಷ್ಟವಾದ ಸಾಕ್ಷ್ಯ ಕೈಯಲ್ಲಿದ್ದೂ ದೇಶದ ಕಾನೂನು ಸೋಮಾರಿಯನ್ನು ಹುಡುಕುತ್ತಲೇ ಹೋಯಿತು. 1598 ಮತ್ತು 1601ರ ಬಡವರ ಕಾಯ್ದೆಗಳು ಪ್ರತಿ ಚರ್ಚಿನ ಹೋಬಳಿಯೂ ತೆರಿಗೆ ಎತ್ತಿ ತನ್ನ ಬಡವರನ್ನು ನೋಡಿಕೊಳ್ಳಬೇಕೆಂದವು. ದೊಡ್ಡ ಮಾತು ಅದು, ಆ ಕಾಲದಲ್ಲಿ ದೇಶಕ್ಕೆ ದೇಶವೇ ಹೀಗೆ ಹೊಣೆ ಹೊತ್ತದ್ದು ಅಪರೂಪ. ಆದರೆ ‘ತನ್ನ’ ಬಡವರು ಯಾರು ಎಂಬ ಜಗಳ ಹುಟ್ಟಿತು. 1662ರ ಕಾನೂನು ಹೊಸದಾಗಿ ಬಂದ ಬಡವರನ್ನು ನಲವತ್ತು ದಿನಗಳೊಳಗೆ ಅವರ ಹಳೆಯ ಊರಿಗೆ ಅಟ್ಟಲು ಅವಕಾಶ ಕೊಟ್ಟಿತು. 1697ರಲ್ಲಿ ನೆರವು ಪಡೆಯುವವರು ಬಲಭುಜದ ಮೇಲೆ ಬಟ್ಟೆಯ ಗುರುತು ಹೊಲಿಸಿಕೊಳ್ಳಬೇಕೆಂದು ವಿಧಿಸಿದರು. 2017ರಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ ರೇಷನ್ ಪಡೆಯುವ ಮನೆಗಳ ಗೋಡೆಯ ಮೇಲೆ ‘ನಾನು ಬಡವ’ ಎಂದು ಬಣ್ಣದಲ್ಲಿ ಬರೆಸಿದ ಸುದ್ದಿ ಓದಿದಾಗ ನನಗೆ ಆ ಭುಜದ ಗುರುತು ನೆನಪಾಯಿತು.

ಅದೇ ಕಾಲದಲ್ಲಿ ನಮ್ಮ ನೆಲದಲ್ಲಿ ಏನಿತ್ತು? ಈಪ್ರ್ ಪಟ್ಟಣ ಬೇಡುವುದನ್ನು ಅಪರಾಧ ಮಾಡುತ್ತಿದ್ದ ವರ್ಷಗಳಲ್ಲಿಯೇ, ಸಂಪ್ರದಾಯ ಹೇಳುವಂತೆ, ಲೇವಾದೇವಿಯ ಸಿರಿವಂತನೊಬ್ಬ ಎಲ್ಲವನ್ನೂ ಬಿಟ್ಟು ವಿಜಯನಗರದ ಬೀದಿಗಳಲ್ಲಿ ತಂಬೂರಿ ಹಿಡಿದು ಮಧುಕರಕ್ಕೆ ಹೊರಟ. 1564ರಲ್ಲಿ ತೀರಿಕೊಂಡ ಪುರಂದರದಾಸರು ಅವರು. ನಮ್ಮ ಸುರಪುರ ಸೀಮೆಯಲ್ಲಿ ಕೊಡೇಕಲ್ ಬಸವಣ್ಣನವರ, ತಿಂಥಣಿ ಮೌನೇಶ್ವರರ ಪರಂಪರೆಗಳು ಹಿಂದೂ-ಮುಸ್ಲಿಂ ಎರಡೂ ಧರ್ಮದವರು ನಡೆದುಕೊಳ್ಳುವ ಪೀಠಗಳಾಗಿ ಬೆಳೆದವು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವೇಶ್ವರರು ಬಂದವರಿಗೆಲ್ಲ ಅನ್ನ ನೀಡುವುದನ್ನೇ ಬದುಕು ಮಾಡಿಕೊಂಡರು. ದಾಸೋಹದ ಸಾಲಿನಲ್ಲಿ ಕೂತವನಿಗೆ ‘ನಿನಗೆ ಹಸಿವಿದೆ ಎಂಬುದಕ್ಕೆ ಸಾಕ್ಷಿ ಏನು?’ ಎಂದು ಕೇಳುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಅಷ್ಟು ಎತ್ತರಕ್ಕೆ ಏರಿಸಿದರೂ ಅದನ್ನು ಅನ್ನಕ್ಕೆ ಷರತ್ತು ಮಾಡಲಿಲ್ಲ. ಕಾಯಕ ಮಾಡಿದವನು ದಾಸೋಹ ಮಾಡಬೇಕು ಎಂದರು. ಷರತ್ತು ಬಿದ್ದದ್ದು ಕೊಡುವವನ ಮೇಲೆ, ಉಣ್ಣುವವನ ಮೇಲಲ್ಲ.

ಇಷ್ಟು ಹೇಳಿ ನಮ್ಮ ಹಿಂದಿನದೆಲ್ಲ ಚೆನ್ನಾಗಿತ್ತು ಎಂದು ಕೂತರೆ ಅದು ಸುಳ್ಳಾಗುತ್ತದೆ. ಸುಗ್ಗಿಯ ಕಣದಲ್ಲಿ ಆಯಗಾರರಿಗೆ ಪಾಲು ಇತ್ತು, ಸುಡುಗಾಡು ಸಿದ್ಧರಿಗೆ, ಬುಡ್ಗ ಜಂಗಮರಿಗೆ, ದುರುಗಮುರುಗಿಯವರಿಗೆ ಮೊರದ ತುಂಬ ಜೋಳ ಇತ್ತು. ಆದರೆ ಆ ಪಾಲಿಗೆ ಜಾತಿಯ ಸರದಿ ಇತ್ತು. ಎಲ್ಲಕ್ಕಿಂತ ಹೆಚ್ಚು ಬೆವರು ಸುರಿಸಿದ ಹೊಲೆಮಾದಿಗರ ಕೇರಿಗೆ ಕಣದ ಅಂಚಿನ ಕಾಳು. ಮನೆಯ ಹಿಂದೆ ನಿಂತು ಸೆರಗೊಡ್ಡಿ ಪಡೆದ ರೊಟ್ಟಿಯ ಅವಮಾನವನ್ನು ಉಂಡವರು ಈ ಸಭೆಯಲ್ಲಿಯೂ ಇದ್ದಾರು. ಯುರೋಪು ಬಡವನಿಗೆ ‘ನೀನು ದುಡಿಯುತ್ತೀಯಾ?’ ಎಂಬ ಪರೀಕ್ಷೆ ಇಟ್ಟಿತು. ನಮ್ಮ ಹಳ್ಳಿ ‘ನೀನು ಯಾವ ಕೇರಿಯವ?’ ಎಂದು ಕೇಳಿತು. ಬ್ರಿಟಿಷರ ಕಾಲದಲ್ಲಿ ಎರಡೂ ಪ್ರಶ್ನೆಗಳು ಒಂದೇ ಸಾಲಿನಲ್ಲಿ ನಿಂತ ಮನುಷ್ಯನ ಮೇಲೆ ಬಿದ್ದವು.

ಹೇಗೆ ಬಿದ್ದವು ಎಂದು ಈಗ ನೋಡೋಣ. ಜನಸಂಖ್ಯೆಯ ಬಗ್ಗೆ 1798ರಲ್ಲಿ ಪುಸ್ತಕ ಬರೆದ ಥಾಮಸ್ ಮಾಲ್ಥಸ್ ಎಲ್ಲರಿಗೂ ಗೊತ್ತು. ಬಡವರಿಗೆ ನೆರವು ಕೊಟ್ಟರೆ ಬಡವರೇ ಹೆಚ್ಚುತ್ತಾರೆ ಎಂಬುದು ಅವನ ವಾದ. ಅವನು 1805ರಿಂದ 1834ರಲ್ಲಿ ತೀರಿಕೊಳ್ಳುವವರೆಗೆ ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಭಾರತಕ್ಕೆ ಬರಲಿದ್ದ ಎಳೆಯ ಅಧಿಕಾರಿಗಳು ಅವನ ಮುಂದೆ ಕೂತು ಅರ್ಥಶಾಸ್ತ್ರ ಕಲಿತರು. ಅದೇ 1834ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ಬಡವರ ಕಾಯ್ದೆ ಬಂತು. ಅದರ ಒಳನೀತಿ ಸರಳ: ದುಡಿಮೆಮನೆ ಸೇರಿ ನೆರವು ಪಡೆಯುವವನ ಸ್ಥಿತಿ ಹೊರಗಿನ ಅತ್ಯಂತ ಬಡ ಕೂಲಿಯವನ ಸ್ಥಿತಿಗಿಂತ ಕೀಳಾಗಿರಬೇಕು. ಆಗ ನಿಜಕ್ಕೂ ಗತಿಯಿಲ್ಲದವನು ಮಾತ್ರ ಬರುತ್ತಾನೆ, ಉಳಿದವರು ಹೆದರಿ ದೂರ ಉಳಿಯುತ್ತಾರೆ.

1876ರಲ್ಲಿ ಮಳೆ ಹೋಯಿತು. ಹಿರಿಯರು ಧಾತು ಸಂವತ್ಸರದ ಬರ ಎನ್ನುವುದು ಅದನ್ನೇ. ಮುಂದಿನ ಈಶ್ವರ ಸಂವತ್ಸರಕ್ಕೂ ಅದು ಮುಂದುವರಿಯಿತು. ಕನ್ನಡ ನಾಡಿನ ಮೇಲೆ ಬಿದ್ದ ಪೆಟ್ಟುಗಳಲ್ಲಿ ಇಷ್ಟು ದೊಡ್ಡವು ಕಡಿಮೆ. 1871ರ ಎಣಿಕೆಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ 41,86,188. ಬೆಳೆಯಬೇಕಿದ್ದ ಜನಸಂಖ್ಯೆಯಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಕಡಿತ. ಹೊಳೆಯಾಚೆಯ ಕಲಾದಗಿ ಜಿಲ್ಲೆ, ಅಂದರೆ ಈಗಿನ ವಿಜಯಪುರ-ಬಾಗಲಕೋಟೆ, ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನರನ್ನು ಕಳೆದುಕೊಂಡಿತು. ಆಗ ನಿಜಾಮರ ಆಡಳಿತದಲ್ಲಿದ್ದ ನಮ್ಮ ರಾಯಚೂರು, ಲಿಂಗಸುಗೂರು, ಗುಲಬರ್ಗಾ ಸೀಮೆಗಳನ್ನೂ ಬರ ಬಿಡಲಿಲ್ಲ. ಮುಂಬಯಿಯಿಂದ ಯಾದಗಿರಿಯ ಮೇಲೆ ರಾಯಚೂರಿಗೆ ಹೋಗಿ ಮದ್ರಾಸಿನ ದಾರಿಯನ್ನು ಕೂಡುವ ರೈಲು 1871ರಲ್ಲಿಯೇ ಓಡತೊಡಗಿತ್ತು. ಕಾಳು ಸಾಗಿಸಲು ದಾರಿ ಇತ್ತು. ಇಲ್ಲದ್ದು ಕೊಳ್ಳುವವನ ಕೈಯಲ್ಲಿ ದುಡ್ಡು.

ಆಗ ವೈಸರಾಯ್ ಲಿಟನ್ ಮದ್ರಾಸ್ ಮತ್ತು ಮುಂಬಯಿ ಪ್ರಾಂತಗಳ ಖರ್ಚು ತಗ್ಗಿಸಲು ಕಳಿಸಿದ್ದು ರಿಚರ್ಡ್ ಟೆಂಪಲ್‌ನನ್ನು. ಈ ಮನುಷ್ಯನ ಕತೆಯ ಮುಂದೆ ಸ್ವಲ್ಪ ನಿಲ್ಲಬೇಕು. ಮೂರು ವರ್ಷದ ಹಿಂದೆ, 1873-74ರಲ್ಲಿ, ಬಿಹಾರದಲ್ಲಿ ಬರ ಬಿದ್ದಾಗ ಇದೇ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ, ಧಾರಾಳವಾಗಿ ಹಂಚಿಸಿದ್ದ. ಹಸಿವಿನಿಂದ ಸತ್ತವರು ಬಹಳ ಕಡಿಮೆ. ಅದಕ್ಕಾಗಿ ಅವನಿಗೆ ಮೆಚ್ಚುಗೆ ಸಿಗಲಿಲ್ಲ, ದುಂದುಗಾರ ಎಂಬ ಬೈಗುಳ ಸಿಕ್ಕಿತು. ಆ ಬೈಗುಳದಿಂದ ಕಲಿತ ಮನುಷ್ಯ 1877ರ ಜನವರಿಯಲ್ಲಿ ದಕ್ಷಿಣಕ್ಕೆ ಬಂದ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಒಂದಿಷ್ಟು ಪುಡಿಗಾಸು ಎಂದು ಕೂಲಿ ಇಳಿಸಿದ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಹೊಲದ ಕೆಲಸ ಬಲ್ಲ ನಿಮಗೆ ನಾನು ವಿವರಿಸಬೇಕಿಲ್ಲ, ದಿನವಿಡೀ ಗುದ್ದಲಿ ಹಿಡಿಯುವ ಮೈಗೆ ಅಷ್ಟು ಜೋಳ ಏನಾಗುತ್ತದೆ ಎಂದು. ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದು ಮೆಲ್ಲಗೆ ಕೊಲ್ಲುವ ಪಡಿ ಎಂದು ಲೆಕ್ಕ ಕೊಟ್ಟು ವಾದಿಸಿದ. ಕೆಲವು ತಿಂಗಳ ಬಳಿಕ ಮದ್ರಾಸ್ ಸರ್ಕಾರ ಕೂಲಿ ಹೆಚ್ಚಿಸಬೇಕಾಯಿತು. ಅಷ್ಟರೊಳಗೆ ಬಳ್ಳಾರಿ ಸೀಮೆಯಲ್ಲಿ ಆಗಬಾರದ್ದು ಆಗಿಹೋಗಿತ್ತು. ಮುಂಬಯಿ ಪ್ರಾಂತದಲ್ಲಿ ಕೂಲಿಕಾರರು ಕಡಿತವನ್ನು ಒಪ್ಪದೆ ಕಾಮಗಾರಿ ಬಿಟ್ಟು ಹೊರನಡೆದರು, ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಟೆಂಪಲ್ ಆ ವರ್ಷವೇ ಮುಂಬಯಿಯ ಗವರ್ನರನಾದ.

ಕೂಲಿ ಇಳಿಸಿದ್ದಷ್ಟೇ ಅಲ್ಲ. ಊರಿಂದ ಹತ್ತು ಮೈಲಿಯಷ್ಟು ದೂರದ ಕ್ಯಾಂಪಿಗೆ ನಡೆದು ಬಂದು ಅಲ್ಲಿಯೇ ಇದ್ದು ದುಡಿಯಬೇಕು ಎಂಬ ನಿಯಮವಿತ್ತು. ಮನೆಯ ಹತ್ತಿರ ಕೆಲಸ ಕೊಟ್ಟರೆ ಅಗತ್ಯವಿಲ್ಲದವರೂ ಬರುತ್ತಾರಂತೆ. ದೂರದ ಪರೀಕ್ಷೆ, ದುಡಿತದ ಪರೀಕ್ಷೆ, ಕಡಿಮೆ ಕೂಲಿಯ ಪರೀಕ್ಷೆ. ಮೂರನ್ನೂ ದಾಟಿ ಬಂದವನೇ ನಿಜವಾದ ಬಡವ. ಹಸಿದು ಹತ್ತು ಮೈಲಿ ನಡೆಯಲಾರದೆ ದಾರಿಯಲ್ಲಿ ಬಿದ್ದವನು ಪರೀಕ್ಷೆಯಲ್ಲಿ ಪಾಸಾದಂತೆಯೋ ನಪಾಸಾದಂತೆಯೋ? 1834ರ ಇಂಗ್ಲೆಂಡಿನ ದುಡಿಮೆಮನೆಯ ನೀತಿ, ಗೋಡೆಯಿಲ್ಲದೆ, ಬಯಲಿನಲ್ಲಿ, ನಮ್ಮ ಎರೆಭೂಮಿಯ ಮೇಲೆ ಜಾರಿಯಾದದ್ದು ಹೀಗೆ. ಬರ ಮುಗಿದ ಮೇಲೆ ರಿಚರ್ಡ್ ಸ್ಟ್ರಾಚಿಯ ಅಧ್ಯಕ್ಷತೆಯ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಬರದಲ್ಲಿ ಜೀವ ಉಳಿಸುವುದು ಸರ್ಕಾರದ ಕರ್ತವ್ಯ ಎಂದು ಒಪ್ಪಿತು, ಅದು ಮುನ್ನಡೆಯೇ. ಅದರ ಮೇಲೆ 1883ರಲ್ಲಿ ಬರಗಾಲ ಸಂಹಿತೆ ಬಂತು. ಆದರೆ ಅದೇ ವರದಿಯಲ್ಲಿ ಒಂದು ಭಯವೂ ದಾಖಲಾಗಿದೆ. ಬರದಲ್ಲಿ ನೆರವು ಕೇಳುವುದು ಬಡವರ ಹಕ್ಕು ಎಂದು ಒಪ್ಪಿದರೆ, ನಾಳೆ ಬರವಿಲ್ಲದಾಗಲೂ ಅದು ತಮ್ಮ ಹಕ್ಕು ಎಂದಾರು, ಆಗ ಈ ದೇಶದಲ್ಲಿ ಬಡವರ ಕಾಯ್ದೆಯನ್ನೇ ಕಟ್ಟಬೇಕಾಗುತ್ತದೆ ಎಂಬ ಭಯ. ಬಡವರಿಗೆ ಅನ್ನ ಕೊಡಬಹುದು, ಹಕ್ಕು ಕೊಡಬಾರದು. ವರದಿಯ ಆ ಭಾಗದ ಅರ್ಥ ನನಗೆ ಆಗಿದ್ದು ಇಷ್ಟು.

ಅಲೆಮಾರಿಗಳ ಮೇಲಿನ ಕೋಪವೂ ಹಡಗು ಹತ್ತಿ ಬಂತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟನ್ನೇ ಅಪರಾಧ ಮಾಡಿತು. ವಿಜಯಪುರ, ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ತಂತಿಬೇಲಿಯ ಸೆಟಲ್‌ಮೆಂಟುಗಳು ಎದ್ದವು. ಕಾಯ್ದೆ ರದ್ದಾದದ್ದು 1952ರಲ್ಲಿ. ಬೇಡುವವರನ್ನು ಹಿಡಿದು ಕೂಡಿಹಾಕುವ ಕಾನೂನು ಮೈಸೂರಿನಲ್ಲಿ 1944ರಲ್ಲಿ ಬಂತು, ಸ್ವತಂತ್ರ ಕರ್ನಾಟಕ ಅದನ್ನು 1975ರಲ್ಲಿ ಹೊಸದಾಗಿ ಬರೆದುಕೊಂಡಿತು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಭಿಕ್ಷುಕರ ಕರ ಎಂದು ಶೇಕಡಾ 3 ಸೇರಿರುತ್ತದೆ, ರಸೀದಿ ನೋಡಿ. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತಾಗ ಮಾತ್ರ ಆ ಗೋಡೆಯೊಳಗೆ ಏನಿದೆ ಎಂದು ನಾಡು ಇಣುಕಿತು. 2018ರಲ್ಲಿ ದೆಹಲಿ ಹೈಕೋರ್ಟು ಅಲ್ಲಿ ಜಾರಿಯಲ್ಲಿದ್ದ ಇಂಥದೇ ಕಾನೂನಿನ ಮುಖ್ಯ ಕಲಮುಗಳನ್ನು ಸಂವಿಧಾನಕ್ಕೆ ವಿರುದ್ಧ ಎಂದು ತಳ್ಳಿಹಾಕಿತು. ಬ್ರೈಡ್‌ವೆಲ್‌ನಿಂದ ಅಲ್ಲಿಗೆ 465 ವರ್ಷ.

ಈಗ ನಮ್ಮ ಊರಿಗೆ ಬರೋಣ. ನಾವು ಕೂತಿರುವ ಈ ಭೀಮರಾಯನಗುಡಿ ಬೆಳೆದದ್ದು ಕೃಷ್ಣಾ ಮೇಲ್ದಂಡೆ ಯೋಜನೆಯ ಕ್ಯಾಂಪಾಗಿ. ನಾರಾಯಣಪುರದ ಬಸವಸಾಗರದ ಎಡದಂಡೆ ಕಾಲುವೆ, ಅದರ ಶಹಾಪುರ ಶಾಖೆ, ಜೇವರ್ಗಿ ಶಾಖೆ ಇವೆಲ್ಲದರ ಆಡಳಿತದ ಕಚೇರಿಗಳು ಇಲ್ಲಿವೆ. ಬರವನ್ನು ಕೊನೆಗಾಣಿಸಲು ಬಂದ ನೀರು ಇದು. ಬಹಳಷ್ಟು ಹೊಲಗಳಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ನಿಂತಿವೆ, ಅದನ್ನು ಕಡೆಗಣಿಸುವುದು ಕೃತಘ್ನತೆ. ಆದರೂ ಯಾದಗಿರಿ ನಿಲ್ದಾಣದಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಬೆಂಗಳೂರಿಗೂ ಪುಣೆ-ಮುಂಬೈಗೂ ಗುಳೆ ಹೋಗುವುದು ನಿಂತಿಲ್ಲ. ಕಾಲುವೆಯ ಕೊನೆಯ ಹಳ್ಳಿಗಳಿಂದ, ತಾಂಡಾಗಳಿಂದ, ನೀರೇ ಮುಟ್ಟದ ಮಡ್ಡಿ ಭೂಮಿಯಿಂದ ಹೋಗುತ್ತಾರೆ. ಇವರಿಗೆ ನಾವು ‘ದುಡದು ತಿನ್ಲಾಕ ಏನಾಗ್ಯದ’ ಎನ್ನುತ್ತೇವೆ. ಕೂಸನ್ನು ಮರಳಿನ ರಾಶಿಯ ಮೇಲೆ ಮಲಗಿಸಿ ಐದನೆಯ ಮಹಡಿಗೆ ಇಟ್ಟಿಗೆ ಹೊರುವ ತಾಯಿಗೆ, ಕಿಲೋ ಲೆಕ್ಕದ ಕೂಲಿಗೆ ಬೆನ್ನು ಬಗ್ಗಿಸಿ ಹತ್ತಿ ಬಿಡಿಸುವ ಅಕ್ಕನಿಗೆ ಈ ಮಾತು! ಇವರು 1570ರ ನಾರ್ವಿಚ್ಚಿನ ನೂಲುವ ಹೆಂಗಸರ ಒಡಹುಟ್ಟಿದವರು. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡಲಾರೆ.

ಹೋದ ಊರಿನಲ್ಲಿ ಇವರಿಗೆ 1662ರ ಕಾನೂನು ಕಾದಿರುತ್ತದೆ, ಹೆಸರಿಲ್ಲದೆ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದ ಬಳಿ ತಗಡಿನ ಜೋಪಡಿಗಳನ್ನು, ಅಲ್ಲಿರುವವರು ಬಾಂಗ್ಲಾದೇಶದವರೆಂಬ ಶಂಕೆಯಲ್ಲಿ ಕೆಡವಿದರು. ಅಲ್ಲಿ ಇದ್ದವರಲ್ಲಿ ಉತ್ತರ ಕರ್ನಾಟಕದ ಕನ್ನಡಿಗರೇ ಹಲವರು. ಹೈಕೋರ್ಟು ಆ ಕ್ರಮ ಕಾನೂನುಬಾಹಿರ ಎಂದಿತು. ಎರಡೇ ತಿಂಗಳಲ್ಲಿ ಲಾಕ್‌ಡೌನ್ ಬಂತು. ಮೇ ತಿಂಗಳ ಮೊದಲ ವಾರದಲ್ಲಿ, ಊರಿಗೆ ಹೊರಟ ಹೊರರಾಜ್ಯದ ಕಾರ್ಮಿಕರ ರೈಲುಗಳನ್ನು ನಮ್ಮ ರಾಜ್ಯ ಕಟ್ಟಡ ನಿರ್ಮಾಣದವರ ಜೊತೆಗಿನ ಸಭೆಯ ಬೆನ್ನಲ್ಲೇ ರದ್ದು ಮಾಡಿ, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಜನವರಿಯಲ್ಲಿ ಅವರು ಇರಕೂಡದು, ಮೇ ತಿಂಗಳಲ್ಲಿ ಹೋಗಕೂಡದು. 1545ರಲ್ಲಿ ಸೋತೊ ಎತ್ತಿದ ಪ್ರಶ್ನೆಗೆ ನಾವು ಇನ್ನೂ ಉತ್ತರ ಕೊಟ್ಟಿಲ್ಲ.

ಆದರೆ ಒಂದು ಕಡೆ ಈ ದೇಶ ಸ್ಟ್ರಾಚಿಯ ಭಯವನ್ನು ಮೀರಿತು. ನೆರೆಯ ಮಹಾರಾಷ್ಟ್ರ 1972-73ರ ಬರದಿಂದ ಪಾಠ ಕಲಿತು 1977ರಲ್ಲಿ ಉದ್ಯೋಗ ಖಾತರಿ ಕಾಯ್ದೆ ಮಾಡಿತು. 2005ರಲ್ಲಿ ಸಂಸತ್ತು ಅದನ್ನು ದೇಶಕ್ಕೆ ವಿಸ್ತರಿಸಿತು. 2006ರ ಫೆಬ್ರುವರಿ 2ರಂದು, ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಶುರುವಾದ ಮೊದಲ ಹಂತದ 200 ಜಿಲ್ಲೆಗಳಲ್ಲಿ ಆಗ ಶಹಾಪುರ, ಸುರಪುರ, ಯಾದಗಿರಿ ಸೇರಿದ್ದ ನಮ್ಮ ಗುಲಬರ್ಗಾ ಜಿಲ್ಲೆಯೂ ಇತ್ತು. ಆ ಕಾಯ್ದೆಯ ಒಂದೊಂದು ಕಲಮನ್ನೂ 1877ರ ನಿಯಮಗಳ ಪಕ್ಕ ಇಟ್ಟು ಓದಬೇಕು. ಬಡವನೆಂದು ಸಾಬೀತು ಮಾಡಬೇಕಿರಲಿಲ್ಲ, ಹಳ್ಳಿಯಲ್ಲಿದ್ದು ದುಡಿಯಲು ಸಿದ್ಧವಿದ್ದರೆ ಸಾಕಿತ್ತು. ಕೆಲಸ ಐದು ಕಿಲೋಮೀಟರಿನೊಳಗೆ, ಅದಕ್ಕಿಂತ ದೂರವಾದರೆ ಶೇಕಡಾ 10 ಹೆಚ್ಚು ಕೂಲಿ ಇತ್ತು. ಟೆಂಪಲ್‌ನ ಹತ್ತು ಮೈಲಿ ತಲೆಕೆಳಗಾಯಿತು. ಕೇಳಿದ ಹದಿನೈದು ದಿನದೊಳಗೆ ಕೆಲಸ ಕೊಡದಿದ್ದರೆ ಸರ್ಕಾರವೇ ಭತ್ಯೆ ಕೊಡಬೇಕಿತ್ತು. ಪರೀಕ್ಷೆ ಬಡವನ ಮೇಲಿಂದ ಎದ್ದು ಸರ್ಕಾರದ ಮೇಲೆ ಕೂತಿತು. ಐನೂರು ವರ್ಷದ ಈ ಕತೆಯಲ್ಲಿ ಇಂಥ ತಿರುವು ಬಹಳ ಕಡಿಮೆ.

ಪರೀಕ್ಷೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ ಎಂಬುದೂ ನಿಜ. 2023ರ ಜನವರಿಯಿಂದ ಕಾಮಗಾರಿಯ ಸ್ಥಳದಲ್ಲಿ ದಿನಕ್ಕೆ ಎರಡು ಬಾರಿ ಮೊಬೈಲಿನಲ್ಲಿ ಫೋಟೊ ತೆಗೆದು ಹಾಕಿದರೆ ಮಾತ್ರ ಹಾಜರಿ ಎಂದಾಯಿತು. 2024ರ ಜನವರಿಯಿಂದ ಆಧಾರ್ ಜೋಡಣೆಯ ಖಾತೆಗೆ ಮಾತ್ರ ಕೂಲಿ ಎಂದು ವಿಧಿಸಿದರು. ಮೋಸ ತಡೆಯಲು ಎಂದರು. ನೆಟ್‌ವರ್ಕ್ ಇಲ್ಲದ ಅಡವಿಯ ಹಳ್ಳದಲ್ಲಿ ಬೆಳಗಿನಿಂದ ಮಣ್ಣು ಹೊತ್ತವಳ ಹಾಜರಿ ಬೀಳದೆ ಹೋದರೆ, ಆ ಮೋಸವನ್ನು ಬರೆದಿಡುವ ಪುಸ್ತಕ ಯಾವುದು?

ಆ ಪುಸ್ತಕವನ್ನು ನಾವೇ ಬರೆಯಬಹುದು ಎಂದು ಹೇಳಲು ನಾನು ಇಲ್ಲಿಗೆ ಬಂದೆ. ಕೃಷಿ ಕಾಲೇಜಿನ ವಿದ್ಯಾರ್ಥಿಗಳೆ, ನೀವು ಮಣ್ಣಿನ ಮಾದರಿ ತೆಗೆಯಲು ಹಳ್ಳಿಗಳಿಗೆ ಹೋಗುತ್ತೀರಿ. ಕಾಲುವೆಯ ತಲೆಯಲ್ಲಿ ಒಂದು ಹಳ್ಳಿ, ನಡುವೆ ಒಂದು, ಕೊನೆಯಲ್ಲಿ ಒಂದು, ನೀರಾವರಿಯಿಲ್ಲದ ಒಂದು ತಾಂಡಾ, ಹೀಗೆ ನಾಲ್ಕನ್ನು ಆರಿಸಿಕೊಳ್ಳಿ. ಮನೆಯವರು ಒಪ್ಪಿದಲ್ಲಿ ಕೂತು ಕೇಳಿ: ವರ್ಷದಲ್ಲಿ ಎಷ್ಟು ದಿನ ಕೂಲಿ ಸಿಕ್ಕಿತು, ಯಾವ ಕೆಲಸಕ್ಕೆ ಎಷ್ಟು, ಹೆಂಗಸರಿಗೆ ಎಷ್ಟು ಗಂಡಸರಿಗೆ ಎಷ್ಟು, ಗುಳೆ ಹೋದದ್ದು ಯಾವ ತಿಂಗಳು, ಮೇಸ್ತ್ರಿಯ ಹತ್ತಿರ ಮುಂಗಡ ಎಷ್ಟು, ಮಕ್ಕಳ ಶಾಲೆ ಏನಾಯಿತು, ರೇಷನ್ನು ಹೋದ ಊರಲ್ಲಿ ಸಿಕ್ಕಿತೆ, ಖಾತರಿ ಕೆಲಸ ಕೇಳಿದ್ದು ಯಾವಾಗ ಕೊಟ್ಟದ್ದು ಯಾವಾಗ. ಅವರ ಹೆಸರು ಬರೆಯಬೇಡಿ, ಅದು ನಮಗೆ ಬೇಕಿಲ್ಲ. ಅರ್ಹರೋ ಅನರ್ಹರೋ ಎಂಬ ಕಲಮು ಮಾತ್ರ ಇಟ್ಟುಕೊಳ್ಳಬೇಡಿ. ದೀಪಾವಳಿಗೆ, ಯುಗಾದಿಗೆ ಜನ ಊರಿಗೆ ಬಂದಿರುತ್ತಾರೆ, ಆ ದಿನಗಳಲ್ಲಿ ಹೋದರೆ ಮನೆಗಳಿಗೆ ಬೀಗ ಇರುವುದಿಲ್ಲ. ಬರೆದುಕೊಂಡದ್ದನ್ನು ಮೊದಲು ಆ ಹಳ್ಳಿಯ ಗ್ರಾಮಸಭೆಯಲ್ಲಿಯೇ ಓದಿ ಹೇಳಿ, ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಮುಂದಿನ ವರ್ಷದ ಈ ದತ್ತಿ ಉಪನ್ಯಾಸದ ಸಭೆಗೆ ಅದನ್ನು ತನ್ನಿ, ಆ ಹಳ್ಳಿಗಳಿಂದ ನಾಲ್ಕು ಜನರನ್ನೂ ಕರೆತನ್ನಿ. ಉಪನ್ಯಾಸವನ್ನು ಅವರು ಕೊಡಲಿ.